ಕೇಳದೇ ಕೊಡುವವನು

ಅಕ್ಕಿ ಮುಗಿದದ್ದು ಸೋಮವಾರ ಬೆಳಿಗ್ಗೆ. ರೇಷನ್ ಸಿಗುವುದು ಗುರುವಾರ. ಪಕ್ಕದ ಖೋಲಿಯ ಸದಾನಂದ ಹೋಟೆಲಿನಲ್ಲಿ ಅಡುಗೆಯವನು, ಅವನನ್ನು ಒಂದು ಪಾವು ಅಕ್ಕಿ ಕೇಳಿ ಎಂದು ವನಮಾಲಾ ಹೇಳಿದ್ದೇ ತಪ್ಪಾಯಿತು. ಗಂಡ ಹಿರಿಯಣ್ಣ ಹಾಕಿದ ಕೂಗಿಗೆ ಜೋಗೇಶ್ವರಿಯ ಚಾಳು ಅದುರಿ, ಗೋರೆಗಾಂವದ ಕಾಗೆಗಳೆಲ್ಲ ಹಾರಿ ಕಾಂದಿವಲಿಯಲ್ಲಿ ಹೋಗಿ ಕೂತವು.

"ನಾನು ಕೈ ಒಡ್ಡಬೇಕೇನೇ? ಹೊಟ್ಟೆ ಕೊಟ್ಟವನಿಗೆ ಅನ್ನ ಕೊಡೋದು ಗೊತ್ತಿಲ್ವೆ? ಇವತ್ತು ಯಾರನ್ನೂ ಕೇಳಲ್ಲ. ಸಂಜೆಯೊಳಗೆ ಅವನೇ ಉಣ್ಣಿಸ್ತಾನೆ. ಇಲ್ದಿದ್ರೆ ಗುರುವಾರ ರೇಷನ್ ಕ್ಯೂನಲ್ಲಿ ನಾನೇ ನಿಲ್ತೀನಿ."

ಚಾಳಿಗೆ ಬಂದ ಏಳು ವರ್ಷದಲ್ಲಿ ಆ ಕ್ಯೂನ ಬಾಲವನ್ನೂ ಕಂಡವರಲ್ಲ ಹಿರಿಯಣ್ಣ. ಹಾಗಾಗಿ ಇದು ಭೀಷ್ಮನ ಪ್ರತಿಜ್ಞೆಗಿಂತ ಎರಡು ಗೇಣು ದೊಡ್ಡದು.

ಆಫೀಸಿನಲ್ಲಿ ಪಕ್ಕದ ಮೇಜಿನ ಧಾರವಾಡದ ಶಂಕ್ರೆಪ್ಪ, ಇವತ್ತು ಮನೆಯಿಂದ ಊಟದ ಡಬ್ಬಾ ಬರುವುದಿಲ್ಲವೇ ಎಂದು ವಿಚಾರಿಸಿದ. ಅಕ್ಕಿ ಇಲ್ಲ ಎಂದರೆ ಮಾನ ಹೋಗುತ್ತದೆ. ಹಿರಿಯಣ್ಣ ಸುಮ್ಮನೆ ಮೇಲೆ ನೋಡಿದರು.

"ಉಪವಾಸ ಏನ್ರಿ? ಮೊದಲ ಹೇಳಬಾರದ?" ಎಂದು ಶಂಕ್ರೆಪ್ಪ ಕೈಮುಗಿದ. ಇಡೀ ಆಫೀಸು ಎದ್ದು ನಿಂತಿತು. ಅಷ್ಟು ಗೌರವ ಕಂಡಮೇಲೆ ಹಿರಿಯಣ್ಣನವರ ಕತ್ತು ತಾನಾಗಿಯೇ ಹೌದೆಂದು ಆಡಿತು.

ಅಲ್ಲಿಂದ ಶಂಕ್ರೆಪ್ಪ ಅವರ ವ್ರತಕ್ಕೆ ಕಾವಲು ನಿಂತ. ಚಹಾ ಬಾಗಿಲಲ್ಲೇ ತಿರುಗಿತು. ಸಾಹೇಬರ ಮಗನ ಮದುವೆಯ ಪೇಢೆ, ಒಂದೊಂದೂ ತೆಂಗಿನಕಾಯಿ ಗಾತ್ರದ್ದು, ಮೂಗಿನಡಿಯೇ ಹಾದುಹೋಯಿತು. ಕಸ ಗುಡಿಸುವ ಗಂಗುಬಾಯಿ ಪ್ರಸಾದದ ಬಾಳೆಹಣ್ಣು ನೀಡಲು ಬಂದವಳು, ವಿಷಯ ತಿಳಿದು, ಕಾಲಿಗೆ ಬಿದ್ದು ಹಣ್ಣು ವಾಪಸ್ ಒಯ್ದಳು. ಊಟದ ಹೊತ್ತಿಗೆ, ವಾಸನೆ ತಾಗಬಾರದೆಂದು ಅವರನ್ನು ಫೈಲುಗಳ ಕೋಣೆಯಲ್ಲಿ ಕೂರಿಸಿ ಶಂಕ್ರೆಪ್ಪ ಹೊರಗಿನಿಂದ ಅಗಳಿ ಹಾಕಿದ. ಗಂಟೆಯ ಮೇಲೆ ಬಾಗಿಲು ತೆರೆದವನು ಗುಡುಗಿನಂಥ ತೇಗು ಬಿಟ್ಟ.

"ದೊಡ್ಡ ವಿಘ್ನ ಬಂದಿತ್ತರಿ. ನಿಮ್ಮ ಸಲುವಾಗಿ ನಾನ ಎದುರಿಸಿದೆ."

ಏನು ವಿಘ್ನ ಎಂದು ಕೇಳಲು ಹಿರಿಯಣ್ಣನವರಿಗೆ ತ್ರಾಣವಿರಲಿಲ್ಲ.

ಸಂಜೆ ಚಾಳಿನ ಮೆಟ್ಟಿಲು ಹತ್ತುವಾಗ ಅವರು ದೇವರನ್ನು ಮೆಟ್ಟಿಲಿಗೊಂದು ಬೈಗುಳದಂತೆ ತರಾಟೆಗೆ ತೆಗೆದುಕೊಂಡರು. ನಂಬಿದವನಿಗೆ ಹೀಗೇ ಮಾಡುವುದೇ? ತೋರಿಸಿ ತೋರಿಸಿ ಕಸಿದುಕೊಳ್ಳಲು ನಾನೇನು ನಿನ್ನ ಸಾಲಗಾರನೇ? ಮೇಲೆ ಸದಾನಂದ ಕಾದಿದ್ದ.

"ಊಟ ಹೇಗಿತ್ತು ಮಾರ್ರೆ? ಬೆಳಿಗ್ಗೆ ನಿಮ್ಮ ಮಾತು ಗೋಡೆಯಾಚೆ ಕೇಳಿ ಮನಸ್ಸು ತಡೀಲಿಲ್ಲ. ಹೋಟೆಲಿನಿಂದ ಡಬ್ಬಾವಾಲನ ಕೈಯಲ್ಲಿ ನಿಮ್ಮ ಹೆಸರಿಗೆ ಅನ್ನ, ಸಾರು, ಪಾಯಸ ಎಲ್ಲ ಕಳಿಸಿದ್ದೆ. ಡಬ್ಬಿ ನೆಕ್ಕಿದ ಹಾಗೆ ಖಾಲಿಯಾಗಿ ಬಂತಲ್ಲ."

ಆ ತೇಗು ಯಾವ ಪಾಯಸದ್ದೆಂದು ಹಿರಿಯಣ್ಣನವರಿಗೆ ಆಗ ಹೊಳೆಯಿತು. ಉಂಡಿಲ್ಲ ಎನ್ನೋಣವೆಂದರೆ ಬಾಗಿಲಲ್ಲಿ ವನಮಾಲಾ ನಿಂತಿದ್ದಾಳೆ, ಅವಳ ಬೆನ್ನ ಹಿಂದೆ ಗುರುವಾರದ ಕ್ಯೂ.

"ಬಹಳ ರುಚಿಯಾಗಿತ್ತು" ಎಂದರು, ಹಲ್ಲು ಕಚ್ಚಿ.

ವನಮಾಲಾಳ ಕಣ್ಣು ತುಂಬಿ ಬಂತು.

"ನಿಮ್ಮ ಮಾತೇ ನಿಜವಾಯ್ತು ಕಣ್ರೀ. ಕೇಳದೇ ಕೊಟ್ಟ. ಮಧ್ಯಾಹ್ನ ಸದಾನಂದ ಅವರು ಡಬ್ಬಾ ಕಳಿಸಿದ ಸುದ್ದಿ ಹೇಳಿದಾಗಲೇ ನನಗೂ ನಂಬಿಕೆ ಬಂದುಬಿಡ್ತು. ಆಮೇಲೆ ನಮ್ಮಣ್ಣ ಎರಡು ಸೇರು ಅಕ್ಕಿ ತಂದಿದ್ದ. ಇನ್ನು ನಮಗ್ಯಾಕೆ ಅಂತ ಹಾಗೇ ವಾಪಸ್ ಕಳಿಸಿಬಿಟ್ಟೆ."