ಏಡಿ: ಮನರಂಜನೆಗಾಗಿ ಮಾತ್ರ

ನಮ್ಮ ಬಂದರಿನ ಹೊಸ ನಿಯಮದ ಪ್ರಕಾರ, ಮನರಂಜನೆಗಾಗಿ ಏಡಿ ಹಿಡಿಯುವವರು ಏಡಿ ಹಿಡಿಯುವ ವೇಳೆಯಲ್ಲಿ ಮನರಂಜನೆ ಪಡೆಯುತ್ತಿರತಕ್ಕದ್ದು. ತಪ್ಪಿದಲ್ಲಿ ಅದನ್ನು ವ್ಯಾಪಾರವೆಂದು ಪರಿಗಣಿಸಿ ಏಡಿಯನ್ನು ಜಪ್ತಿ ಮಾಡಲಾಗುವುದು. ದೋಣಿಕಟ್ಟೆಯ ಮೇಲೆ ಫಲಕ ಹಾಕಿದ್ದಾರೆ. ಒಳ್ಳೆಯ ನಿಯಮ. ಓದಿದ ಕೂಡಲೇ ಒಪ್ಪಿಕೊಂಡವರಲ್ಲಿ ನಾನೇ ಮೊದಲಿಗ.

ನನ್ನ ದೋಣಿ ಹೊರಟಿತೆಂದರೆ ಅಲೆಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಒಂದು ತುದಿಯಲ್ಲಿ ಕೂಗಿದರೆ ಇನ್ನೊಂದು ತುದಿಗೆ ಕೇಳುವುದಿಲ್ಲ, ಅಷ್ಟು ಉದ್ದ. ಇಂಜಿನ್ನಿನ ಗಲಾಟೆಗೆ ಕೇಳುವುದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಅವಳ ವೈಯಕ್ತಿಕ ಅಭಿಪ್ರಾಯ.

ಕಳೆದ ತಿಂಗಳು ಮಗಳ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಹಿಡಿದ ಏಡಿಗಳ ವಿಷಯ ಬಂತು. ತಾನಾಗಿ ಬರಲಿಲ್ಲ, ನಾನೇ ಎಳೆದು ತಂದೆ. ಮಗಳ ಮಾವ, ಅಂದರೆ ನಮ್ಮ ಬೀಗರು, ನೀರಿನ ಲೋಟ ಕೆಳಗಿಟ್ಟು, "ಬೀಗ್ರೇ, ನಿಮ್ಮ ಏಡಿಗಳನ್ನ ಕಿವಿಯಲ್ಲಿ ಕೇಳಿ ಕೇಳಿ ಸಾಕಾಯ್ತು. ಒಂದ್ಸಲ ಬಾಯಿಗೂ ಹಾಕಿ" ಅಂದರು. ಮಗಳು ತಟ್ಟೆ ನೋಡುತ್ತಾ ಕೂತಳು.

"ಭಾನುವಾರ ದೋಣಿಗೇ ಬನ್ನಿ. ನಿಮ್ಮ ಕಣ್ಣೆದುರೇ ಹಿಡೀತೀನಿ, ಅಲ್ಲೇ ಬೇಯಿಸಿ ಬಡಿಸ್ತೀನಿ" ಎಂದುಬಿಟ್ಟೆ.

ಮನೆಗೆ ಮರಳುವ ದಾರಿಯಲ್ಲಿ ಹೆಂಡತಿ, "ಏಡಿ ಸಿಗದಿದ್ರೆ ಇನ್ನು ಮಗಳ ಮನೆ ಕಡೆ ತಲೆ ಹಾಕೋ ಹಾಗಿಲ್ಲ" ಅಂದಳು.

"ಸಮುದ್ರ ನನ್ನ ಮಾತು ಮೀರಲ್ಲ ಕಣೇ."

ಭಾನುವಾರ ಬಂತು, ಬೀಗರೂ ಬಂದರು. ಒಳಗೆ ಮೀನಿನ ತಲೆ ಕಟ್ಟಿದ ತಂತಿ ಬೋನನ್ನು ನೀರಿಗಿಳಿಸಿ, ದೋಣಿಯನ್ನು ಗಾಂಭೀರ್ಯದಿಂದ ಸುತ್ತಾಡಿಸಿದೆ. ಮೊದಲು ಬೋನಿಗೆ ಬಿದ್ದದ್ದು ಒಂದು ಚಪ್ಪಲಿ.

"ಎಷ್ಟು ಹೊತ್ತು ಬೇಯಿಸ್ಬೇಕಮ್ಮಾ ಇದನ್ನ?" ಬೀಗರು ಕೇಳಿದರು.

"ಮೆತ್ತಗಾಗೋವರೆಗೆ" ಅಂದಳು ನನ್ನ ಹೆಂಡತಿ.

ಮತ್ತೆ ಇಳಿಸಿ ಎಳೆದರೆ ಏಡಿ! ಎಂಥ ಏಡಿ! ಅದರ ನೆರಳಿನಲ್ಲಿ ಬೀಗರು ತಂಪಾಗಿ ಕೂರಬಹುದಿತ್ತು. ಬಕೆಟ್ಟಿಗೆ ಹಾಕುವಷ್ಟರಲ್ಲಿ ನನಗೆ ಬೆವರು ಇಳಿಯಿತು. ಆಗಲೇ ಸೀಟಿ ಊದುತ್ತಾ ಇಲಾಖೆಯ ದೋಣಿ ಬಂತು. ಮನರಂಜನಾ ತನಿಖಾಧಿಕಾರಿಗಳೊಬ್ಬರು ಹತ್ತಿ ಬಂದು ನನ್ನ ಮುಖವನ್ನು ಹತ್ತಿರದಿಂದ ಪರಿಶೀಲಿಸಿದರು.

"ಏಡಿ ಕಾಣಿಸ್ತಿದೆ. ಮನರಂಜನೆ ಎಲ್ಲಿ?"

"ಒಳಗಿದೆ ಸಾರ್."

"ಒಳಗಿರೋದು ಲೆಕ್ಕಕ್ಕಿಲ್ಲ. ಬೆವರ್ತಿದ್ದೀರಿ. ಬೆವರು ದುಡಿಮೆಯ ಲಕ್ಷಣ."

"ಇವರ ಮುಖವೇ ಹಾಗೆ ಸಾರ್, ಮದುವೆ ಫೋಟೋದಲ್ಲೂ ಹೀಗೇ ಇದ್ದಾರೆ" ಎಂದು ಹೆಂಡತಿ ನನ್ನ ಪರವಾಗಿ ವಾದಿಸಿದಳು.

ಬೀಗರು ಕಿಸಕ್ಕನೆ ನಕ್ಕರು. ನಾನು ಅವರತ್ತ ಆಸೆಯಿಂದ ಕೈ ತೋರಿಸಿದೆ.

"ಪ್ರಯಾಣಿಕರ ನಗು ಏಡಿ ಹಿಡಿದವರ ಖಾತೆಗೆ ಜಮಾ ಆಗಲ್ಲ" ಎಂದರು ಅಧಿಕಾರಿಗಳು.

ನಾನೇ ಹಹ್ಹಹ್ಹಾ ಎಂದೆ.

"ಕಷ್ಟಪಟ್ಟು ನಗ್ತಿದ್ದೀರಿ. ಕಷ್ಟಪಟ್ಟು ಮಾಡಿದ್ದೆಲ್ಲ ದುಡಿಮೆ. ಜಪ್ತಿ!"

ಅವರ ತರ್ಕದಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಮಗಳ ಮನೆಯ ಬಾಗಿಲು ಕಣ್ಣೆದುರೇ ಮುಚ್ಚಿಕೊಳ್ಳುತ್ತಿತ್ತು. ಅಧಿಕಾರಿಗಳು ಏಡಿಯನ್ನು ಜಪ್ತಿ ಮಾಡಲು ಬಕೆಟ್ಟಿಗೆ ಕೈ ಹಾಕಿದರು. ಏಡಿ ಅಧಿಕಾರಿಗಳನ್ನು ಜಪ್ತಿ ಮಾಡಿತು.

ತೋರುಬೆರಳಿಗೆ ಏಡಿ ನೇತುಹಾಕಿಕೊಂಡು ಅವರು ದೋಣಿಯ ತುಂಬ ಕುಣಿದರು. ಆಗ ಅವರು ಆಡಿದ ಮಾತುಗಳು ಕಛೇರಿಯ ಭಾಷೆಯಲ್ಲಿ ಇರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ಚಪ್ಪಲಿಯ ಮೇಲೆಯೇ ಬಿದ್ದೆ. ಆದರೂ ಕರ್ತವ್ಯನಿಷ್ಠೆ ಎಂದರೆ ಅವರದು. ಆ ಸ್ಥಿತಿಯಲ್ಲೂ ಬಗ್ಗಿ ನನ್ನ ಹಲ್ಲು ನೋಡಿ, "ಇದು... ಅಯ್ಯಪ್ಪಾ... ಅಸಲಿ ನಗು. ಮನರಂಜನೆ ಸಾಬೀತಾಗಿದೆ" ಎಂದು ಘೋಷಿಸಿದರು.

ಹೆಂಡತಿ ಒಲೆ ಹಚ್ಚಿದಳು. ಬೆರಳು ಬಿಡಿಸಿಕೊಂಡ ಅಧಿಕಾರಿಗಳು ಯೋಚನೆಗೆ ಬಿದ್ದರು.

"ತಡೀರಿ. ಮನರಂಜನೆ ಕೊಟ್ಟದ್ದು ಯಾರು?"

"ಏಡಿ."

"ಹಾಗಾದ್ರೆ ಅದು ಕಲಾವಿದ. ಕಲಾವಿದರನ್ನ ಬೇಯಿಸೋ ಹಾಗಿಲ್ಲಮ್ಮಾ."

ಅಲ್ಲೇ ಏಡಿಯನ್ನು ಸಹಾಯಕ ಮನರಂಜಕ ಹುದ್ದೆಗೆ ನೇಮಿಸಿ, ಒದ್ದೆ ಬಟ್ಟೆ ಹೊದಿಸಿ ಗೌರವದಿಂದ ಕರೆದೊಯ್ದರು. ನಾವು ಆಲೂಗಡ್ಡೆ ಬೇಯಿಸಿ ತಿಂದೆವು. ಬೀಗರು ತಮ್ಮ ಆಲೂಗಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಈಗ ವ್ಯವಸ್ಥೆ ಸುಸೂತ್ರವಾಗಿದೆ. ಪ್ರತಿ ಭಾನುವಾರ ಅಧಿಕಾರಿಗಳು ಏಡಿಯೊಂದಿಗೆ ದೋಣಿ ದೋಣಿ ಹತ್ತಿ ಬೆರಳು ಒಡ್ಡುತ್ತಾರೆ. ಎಲ್ಲರೂ ನಕ್ಕು ತಮ್ಮ ತಮ್ಮ ಏಡಿಗಳನ್ನು ಮನೆಗೆ ಒಯ್ಯುತ್ತಾರೆ. ಅಧಿಕಾರಿಗಳಿಗೆ ಬೆರಳು ಭತ್ಯೆ ಮಂಜೂರಾಗಿದೆ.

ಇನ್ನು ಬೀಗರು. ಮೊನ್ನೆ ಅವರೇ ನಮ್ಮ ಮನೆಗೆ ಬಂದು ನನ್ನ ಪಕ್ಕ ಕೂತು ದನಿ ತಗ್ಗಿಸಿದರು.

"ಬೀಗ್ರೇ, ನೀವು ಕೈಯಿಟ್ಟ ಏಡಿಗೇ ಸರ್ಕಾರಿ ನೌಕರಿ ಆಯ್ತು. ನಿಮ್ಮ ಅಳಿಯನಿಗೆ ಇನ್ನೂ ಖಾಯಂ ಆಗಿಲ್ಲ. ಇಲಾಖೇಲಿ ಒಂದು ಮಾತು ಹಾಕಿ."

ಹಾಕಿದೆ. ಇನ್ನೊಂದು ಸಹಾಯಕ ಮನರಂಜಕ ಹುದ್ದೆ ಖಾಲಿ ಇದೆಯಂತೆ, ಚಿವುಟಿದ ಅನುಭವ ಬೇಕಂತೆ. ಹಾಗಾಗಿ ಅಳಿಯಂದಿರು ದಿನಾ ಬೆಳಿಗ್ಗೆ ನನ್ನ ಬೆರಳಿನ ಮೇಲೆ ಅಭ್ಯಾಸ ಮಾಡುತ್ತಿದ್ದಾರೆ. ಮಗಳಿಗೆ ತುಂಬ ಸಂತೋಷ. ಹಿಡಿತ ಚೆನ್ನಾಗಿದೆ. ನನಗೆ ಮಾತ್ರ ಇನ್ನೂ ನಗು ಬಂದಿಲ್ಲ. ಬೀಗರಿಗೆ ಬರುತ್ತಿದೆ, ಆದರೆ ಅದು ನನ್ನ ಖಾತೆಗೆ ಜಮಾ ಆಗುವುದಿಲ್ಲ.