ಆರತಿ ಎತ್ತಿಸಿಕೊಂಡ ವಿಲಾಯಿತಿ ಮೋಟಾರು

ನನಗೆ ಬಡಿವಾರದ ಹುಚ್ಚಿಲ್ಲವೆಂದೇ ಬಹಳ ದಿನ ನಂಬಿಕೊಂಡಿದ್ದೆ. ಸಿಂಧನೂರಿನ ಸಾಧಾರಣ ವಕೀಲ. ಕಚೇರಿಗೆ ನಡೆದು ಹೋಗಿ ನಡೆದು ಬರುವವ. ಲಿಂಗಸುಗೂರಿನ ಕಡೆಯ ಜಾಗೀರದಾರರೊಬ್ಬರು ಹೈದರಾಬಾದಿಗೆ ಹೊರಟವರು ತಮ್ಮ ಹಳೆಯ ವಿಲಾಯಿತಿ ಮೋಟಾರನ್ನು ಮಾರುತ್ತಾರೆಂದು ಕೇಳಿ ನೋಡಲು ಹೋದೆ. ಬರೀ ನೋಡಲು. ಮೆತ್ತನೆಯ ಚರ್ಮದ ಸೀಟಿನ ಮೇಲೆ ಕುಳಿತವನಿಗೆ ಏಳಲು ಮನಸ್ಸಾಗಲಿಲ್ಲ. ಕುಳಿತಂತೆಯೇ ವ್ಯವಹಾರ ಮುಗಿಸಿದೆ.

ಅದರ ಚಂದ ಏನೆಂದು ಹೇಳಲಿ? ದೀಪಗಳು ಊಟದ ತಟ್ಟೆಯಷ್ಟು ಅಗಲ. ಬಾಗಿಲು ಹಾಕಿದರೆ ದಪ್ಪ ಪುಸ್ತಕ ಮುಚ್ಚಿದಷ್ಟೇ ಸದ್ದು. ಐಬುಗಳನ್ನೂ ಮುಚ್ಚಿಡುವುದಿಲ್ಲ. ಪೆಟ್ರೋಲು ರಾಯಚೂರಿನಿಂದ ಡಬ್ಬಿಗಳಲ್ಲಿ ಬರಬೇಕು. ಬೇಸಿಗೆಯಲ್ಲಿ ನಮಗಿಂತ ಮೊದಲು ಅದಕ್ಕೇ ನೀರಡಿಕೆ. ಮಳೆ ಬಿದ್ದ ಎರೆ ನೆಲದಲ್ಲಿ ಕುಳಿತುಬಿಟ್ಟರೆ ಎತ್ತು ಕಟ್ಟಿಯೇ ಎಳೆಸಬೇಕು. ಆಗ ನಾನು ಸ್ಟಿಯರಿಂಗ್ ಹಿಡಿದು ಗಂಭೀರವಾಗಿ ಕುಳಿತಿರುತ್ತಿದ್ದೆ, ನಾನೇ ನಡೆಸುತ್ತಿದ್ದೇನೆಂದು ಜನ ತಿಳಿಯಲಿ ಎಂದು. ಮುಂದಿನ ಎತ್ತುಗಳು ಮಾತ್ರ ಎಲ್ಲರಿಗೂ ಕಾಣುತ್ತಿದ್ದವು.

ಒಂದು ಮುಂಜಾನೆ ಮಸ್ಕಿಯಿಂದ ನನ್ನ ಷಡ್ಡಕ ಬಸಣ್ಣ ಕುದುರೆ ಹತ್ತಿ ಬಂದ. ಅವನ ಹೆಂಡತಿ, ಅಂದರೆ ನನ್ನ ಹೆಂಡತಿ ಗೌರವ್ವನ ತಂಗಿ ನೀಲವ್ವ, ಹೆರಿಗೆ ಬೇನೆಯಲ್ಲಿ ಒದ್ದಾಡುತ್ತಿದ್ದಳು. ಸೂಲಗಿತ್ತಿ ಕೈಚೆಲ್ಲಿದ್ದಳಂತೆ. ಲಿಂಗಸುಗೂರಿನ ದವಾಖಾನೆಗೆ ಒಯ್ಯಬೇಕು, ಬಂಡಿಯ ಕುಲುಕಾಟ ಆಕೆ ತಾಳಲಾರಳು ಎಂದ. ನಾನು ಮೋಟಾರಿನತ್ತ ನೋಡಿದೆ. ಗೌರವ್ವ ನನ್ನತ್ತ ನೋಡಿದಳು.

"ಇದನ್ನ ನಂಬಿ ಹೊಂಟ್ರ, ಕೂಸು ಸಾಲಿಗೆ ಹೋಗೂಮಟ ನಾವು ಹಾದ್ಯಾಗ ಇರ್ತೀವ್ರಿ," ಎಂದಳು. ಹಾಗೆನ್ನುತ್ತಲೇ ಒಳಗಿನಿಂದ ಕೌದಿ ತಂದು ಹಿಂದಿನ ಸೀಟಿಗೆ ಹಾಸಿದಳು.

ಬೇರೆ ದಾರಿಯಿರಲಿಲ್ಲ. ದಿನವೂ ಎಂಜಿನ್ ಎಬ್ಬಿಸಲು ಮೂತಿಯ ಹ್ಯಾಂಡಲ್ ತಿರುವಿ ತಿರುವಿ ಅರ್ಧ ಓಣಿಯೇ ಬೆವರುತ್ತಿತ್ತು. ಅಂದು ತಿರುವಿದ ಕೂಡಲೇ ಗುರ್ರೆಂದಿತು. ಮಸ್ಕಿಯಲ್ಲಿ ನೀಲವ್ವನನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು ಹೊರಟೆವು. ಮುಂದಿನದು ಬರೀ ಕಲ್ಲು, ತಗ್ಗು. ಪ್ರತಿ ತಗ್ಗಿಗೂ ನಾನು ಉಸಿರು ಬಿಗಿಹಿಡಿದೆ. ಮೋಟಾರು ಮಾತ್ರ ನೀರಿನ ಮೇಲಿನ ಹರಿಗೋಲಿನಂತೆ ತೇಲಿತು. ನಡುದಾರಿಯಲ್ಲಿ ನೀಲವ್ವ ಕಣ್ಣು ಬಿಟ್ಟಳು.

"ಅಕ್ಕಾ, ಅಲುಗವಲ್ದಲ್ಲ, ಮತ್ತ ಕೆಟ್ಟು ನಿಂತೈತೇನು?"

"ಇಲ್ಲವ್ವಾ, ಓಡಾಕತ್ತೈತಿ," ಎಂದ ಗೌರವ್ವ ಆ ಸೀಟನ್ನು ಕೂಸಿನ ತಲೆ ಸವರಿದಂತೆ ಸವರಿದಳು. ಮದುವೆಯಾದಾಗಿನಿಂದ ಅಂಥ ಮೆಚ್ಚುಗೆ ನನ್ನ ಪಾಲಿಗೆ ಬಂದದ್ದಿಲ್ಲ.

ದವಾಖಾನೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಇನ್ನಷ್ಟು ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಬಸಣ್ಣ ಹೊರಗೆ ಹೋಗಿ, ಮೋಟಾರಿಗೆ ಒರಗಿ ಅತ್ತ.

ತಾಯಿ ಮಗಳನ್ನು ಮಸ್ಕಿಗೆ ಕರೆತಂದ ದಿನ ಬಸಣ್ಣನ ತಾಯಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಾಣಂತಿಗೂ ಕೂಸಿಗೂ ಬೆಳಗಿ, ನೇರ ನನ್ನ ಕಡೆಗೇ ಬಂದರು. ನಾನು ರುಮಾಲು ಸರಿಪಡಿಸಿ ಹಣೆ ಮುಂದೆ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಮೋಟಾರಿನ ಮೂತಿಗೆ ಕುಂಕುಮ ಹಚ್ಚಿ, ಆರತಿ ಎತ್ತಿದರು. ನಾನು ಚಾಚಿದ ಹಣೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಗಾಲಿಯಲ್ಲಿ ಗಾಳಿ ಇದೆಯೋ ಇಲ್ಲವೋ ನೋಡುವವನಂತೆ ಬಾಗಿದೆ.