ಬೀಗ ಹಾಕಿದ ಗಾಳಿ

೨೦೨೪ನೇ ಇಸವಿ ಫೆಬ್ರವರಿ ೨೦, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಮುಳ್ಳೇರಿಯದ ಸುಕುಮಾರ ಮೂಗಿನ ಮಾಸ್ಕನ್ನು ಕಿತ್ತು ಹಾಸಿಗೆಯ ಮೇಲೆ ಎಸೆದು, ಇನ್ನು ಈ ಯಂತ್ರ ತಾನು ಹೇಳಿದಷ್ಟೇ ಊದಬೇಕು ಎಂದು ತೀರ್ಮಾನಿಸಿದ.

ನಿದ್ದೆಯಲ್ಲಿ ಅವನ ಉಸಿರು ಆಗಾಗ ನಿಂತುಹೋಗುತ್ತಿತ್ತು. ಅದಕ್ಕಾಗಿ ಮಂಗಳೂರಿನ ಒಂದು ಕ್ಲಿನಿಕ್ಕು ಗಾಳಿ ಊದುವ ಯಂತ್ರವನ್ನು ಎರವಲು ಕೊಟ್ಟು, ಒತ್ತಡವನ್ನು ಹತ್ತಕ್ಕೆ ನಿಲ್ಲಿಸಿ, ಅದನ್ನು ಬದಲಿಸುವ ಹಕ್ಕನ್ನು ತನ್ನಲ್ಲೇ ಇಟ್ಟುಕೊಂಡಿತ್ತು. ಹತ್ತೆಂದರೆ ಸುಕುಮಾರನಿಗೆ ಓಡುವ ಬಸ್ಸಿನ ಕಿಟಕಿಯಿಂದ ಬಾಯಿ ತೆರೆದು ತಲೆ ಹೊರಹಾಕಿದ ಹಾಗೆ. ಮಾಸ್ಕ್ ಹಾಕಿದರೆ ನಿದ್ದೆಯಿಲ್ಲ, ಹಾಕದಿದ್ದರೆ ಉಸಿರಿಲ್ಲ. ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಇನ್ನೊಮ್ಮೆ ತೂಕಡಿಸಿದ್ದು ಕಂಡರೆ ಮೆಮೊ ಎಂದು ಸೆಕ್ರೆಟರಿ ಹೇಳಿಯಾಗಿತ್ತು.

ರಜೆ ಹಾಕಿ ಅವನು ಪಕ್ಕದ ಮನೆಯ ಇಲ್ಯಾಸನನ್ನು ಕರೆದ. ದುಬೈಯಲ್ಲಿ ಎಸಿ ರಿಪೇರಿ ಮಾಡಿ ಬಂದಿದ್ದ ಇಲ್ಯಾಸ್ ಯಂತ್ರದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದ ಕೂಡಲೇ, ಪರದೆಯಲ್ಲಿ ಡಾಕ್ಟರರಿಗೆ ಮಾತ್ರ ಎಂದಿದ್ದ ಪುಟ ತೆರೆದುಕೊಂಡಿತು. ಸುಕುಮಾರ ಬೆಚ್ಚಿಬಿದ್ದ. ಬೇರೆಯವರ ಕಪಾಟು ತೆರೆದವನಂತೆ ಬಾಗಿಲ ಕಡೆ ನೋಡಿ, ಹತ್ತನ್ನು ಆರಕ್ಕಿಳಿಸಿದ. ಗಾಳಿ ಮಗುವಿನ ಉಸಿರಿನಷ್ಟು ಮೆತ್ತಗಾಯಿತು.

ಅಷ್ಟರಲ್ಲಿ ಎದುರು ಮನೆಯ ನಿವೃತ್ತ ವಿಜ್ಞಾನ ಮಾಸ್ಟ್ರು ಕೇಶವಪ್ರಸಾದರೂ ಬಂದರು. ಪ್ರಯೋಗವಿಲ್ಲದೆ ತೀರ್ಮಾನ ಕೂಡದು, ಈಗಲೇ ನಿದ್ದೆ ಮಾಡಿ ತೋರಿಸು ಎಂದು ಕುರ್ಚಿ ಎಳೆದು ಕೂತರು. ಸುಕುಮಾರನ ಹೆಂಡತಿ ದಮಯಂತಿ ಚಾ ತಂದವಳು ಅಲ್ಲೇ ನಿಂತಳು. ಬ್ಯಾಂಕಿನಲ್ಲಿ ಸೀಲು ಎತ್ತಿದ ಕೈಯಲ್ಲೇ ನಿದ್ದೆ ಹೋಗುವ ಸುಕುಮಾರನಿಗೆ ಆರು ಕಣ್ಣುಗಳ ಎದುರು ರೆಪ್ಪೆ ಮುಚ್ಚಲಾಗಲಿಲ್ಲ.

"ಮಲಗುವುದು ಹೀಗೆಯಾ? ಏಳು, ನಾನು ತೋರಿಸ್ತೇನೆ," ಎಂದು ಇಲ್ಯಾಸ್ ಮಾಸ್ಕ್ ಏರಿಸಿಕೊಂಡು ಮಲಗಿದ. ಮರುಕ್ಷಣವೇ ಎದ್ದು ಕೂತ. "ಎಂತ ಮಾರಾಯ, ಇದರಲ್ಲಿ ಗಾಳಿಯೇ ಇಲ್ಲ. ಎಸಿಯನ್ನು ಫುಲ್ಲಿಗೆ ಇಟ್ಟು ಮಲಗಿದ ಜನ ನಾವು."

ಒತ್ತಡವನ್ನು ಹದಿನಾಲ್ಕಕ್ಕೆ ಏರಿಸಿ ಮತ್ತೆ ಒರಗಿದವನು ಕಡಿದ ಹಲಸಿನ ಮರದಂತೆ ನಿದ್ದೆಗೆ ಬಿದ್ದ.

ಕರೆದರು, ಅಲುಗಿಸಿದರು. ದಮಯಂತಿ ಪಾತ್ರೆ ಬಡಿದಳು. ಮಾಸ್ಟ್ರು ನಾಡಿ ಹಿಡಿದು, ಇಷ್ಟು ಕ್ರಮಬದ್ಧ ಉಸಿರಾಟವನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡದ್ದು ಎಂದು ಊಟಕ್ಕೆ ಹೊರಟರು. ಸಂಜೆ ಇಲ್ಯಾಸ್ ತಾನಾಗಿ ಎದ್ದ. ಗಲ್ಫಿಗೆ ಹೋದಂದಿನಿಂದ ಇಂಥ ನಿದ್ದೆ ಮಾಡಿಲ್ಲ ಎಂದು ಮೈಮುರಿದು, ಯಂತ್ರ ನಿಲ್ಲಿಸಿ ಮನೆಗೆ ಹೋದ.

ಸುಕುಮಾರ ಪುನಃ ಆರಕ್ಕಿಳಿಸಲು ಕೈಚಾಚುವಷ್ಟರಲ್ಲಿ ಫೋನ್ ಬಂತು. ಕ್ಲಿನಿಕ್ಕಿನ ಡಾಕ್ಟರು.

"ಸುಕುಮಾರ್, ಸೆಟ್ಟಿಂಗ್ ನೀವೇ ಬದಲಿಸಿದ್ದೀರಿ ಅಲ್ವಾ? ಮೆಷಿನಿನ ಲೆಕ್ಕ ಎಲ್ಲ ನೆಟ್ಟಿನಲ್ಲಿ ಇಲ್ಲಿಗೆ ಬರ್ತದೆ."

ಅವನು ಯಂತ್ರದತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಹೆದರಬೇಡಿ. ತಪ್ಪು ನಮ್ಮದೇ. ಮೂರು ತಿಂಗಳಲ್ಲಿ ಇವತ್ತೇ ನೀವು ಸರಿಯಾಗಿ ಮಲಗಿದ್ದು. ಒಂದು ಸಲವೂ ಉಸಿರು ನಿಂತಿಲ್ಲ. ತನಗೆ ಎಂತ ಬೇಕು ಅಂತ ರೋಗಿಗೇ ಗೊತ್ತಿರ್ತದೆ."

"ಡಾಕ್ಟ್ರೇ, ಮಲಗಿದ್ದು..."

"ನೀವೇ ಅಲ್ವಾ? ಬೇರೆಯವರು ಹಾಕಿಕೊಂಡರೆ ಮೆಷಿನ್ ವಾಪಸ್ ತೆಗೊಳ್ಬೇಕಾಗ್ತದೆ. ರೂಲ್ ಉಂಟು."

ಸುಕುಮಾರ ಯಂತ್ರವನ್ನು ನೋಡಿದ, ದಮಯಂತಿಯನ್ನು ನೋಡಿದ.

"ನಾನೇ," ಎಂದ.

ಹಾಗಾದರೆ ನಿಮ್ಮ ಆಯ್ಕೆಯನ್ನೇ ಇಲ್ಲಿಂದ ಕಾಯಂ ಮಾಡಿದ್ದೇನೆ, ಆ ಗುಂಡಿಗಳಿಗೂ ಬೀಗ ಹಾಕಿದ್ದೇನೆ, ಇನ್ನು ಅದನ್ನು ಯಾರೂ ಮುಟ್ಟಲಾರರು ಎಂದು ಡಾಕ್ಟರು ಅಭಿನಂದಿಸಿ ಫೋನ್ ಇಟ್ಟರು.

ಸುಕುಮಾರ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದ. ಪುನಃ ಒತ್ತಿದ. ಯಾವ ಪುಟವೂ ತೆರೆಯಲಿಲ್ಲ. ಪರದೆಯ ಮೇಲೆ ಗಾಳಿಯ ಒತ್ತಡ ಮಾತ್ರ ತೋರುತ್ತಿತ್ತು: ಹದಿನಾಲ್ಕು.